ಅಭಿಮಾನಿಗಳು ಹೇಳಿದ್ದೇನು ಅಂತ ಯಾರನ್ನು ಕೇಳಿದಿರಿ?

ಮಾನ್ಯ ಸಂಪಾದಕರೇ,

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿದ ಮೇಲೆ ನಿಮ್ಮ ಕ್ರೀಡಾ ಪುಟದಲ್ಲಿ ಪ್ರತಿ ವರ್ಷ ಒಂದು ಬಾಕ್ಸ್ ಬರುತ್ತದೆ. ತಲೆಬರಹ 'ಅಭಿಮಾನಿಗಳು ಹೇಳಿದ್ದೇನು?'. ಕೆಳಗೆ ಆರೇಳು ಪೋಸ್ಟ್‌ಗಳು. ಒಬ್ಬ, ಗೋಲ್‌ಕೀಪರ್ ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದನಾ ಎಂದು ಕೇಳಿರುತ್ತಾನೆ. ಇನ್ನೊಬ್ಬ, ಪೆನಾಲ್ಟಿ ಹಾಳು ಮಾಡಿಕೊಂಡವನ ಮುಖವನ್ನು ಯಾವುದೋ ಸಿನಿಮಾ ದೃಶ್ಯಕ್ಕೆ ಅಂಟಿಸಿರುತ್ತಾನೆ. ಮತ್ತೊಬ್ಬನಿಗೆ ಕೋಚ್‌ನನ್ನು ಇವತ್ತೇ ಮನೆಗೆ ಕಳಿಸಬೇಕು. ಪಕ್ಕದಲ್ಲಿ ಗೆದ್ದವರು ಕಪ್ ಎತ್ತಿದ ದೊಡ್ಡ ಫೋಟೊ. ಅಲ್ಲಿಗೆ ಫೈನಲ್ ಮುಗಿಯಿತು.

ಕಪ್ ಎತ್ತಿದ ಫೋಟೊ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಆ ಬಾಕ್ಸ್ ಮೇಲೆ. ಆ ಆರೇಳು ಜನರಲ್ಲಿ ಒಬ್ಬರಾದರೂ ಆ ರಾತ್ರಿ ಸ್ಟೇಡಿಯಂ ಒಳಗೆ ಇದ್ದರಾ? ಇದ್ದವರ ಕೈಯಲ್ಲಿ ಅಷ್ಟು ಬೇಗ, ಅಷ್ಟು ಅಚ್ಚುಕಟ್ಟಾದ ಜೋಕು ಹುಟ್ಟುವುದಿಲ್ಲ. ಅವರು ಅಳುತ್ತಿರುತ್ತಾರೆ, ಇಲ್ಲವೇ ಗುರುತು ಪರಿಚಯ ಇಲ್ಲದವನನ್ನು ತಬ್ಬಿಕೊಂಡಿರುತ್ತಾರೆ, ಅದೂ ಇಲ್ಲದಿದ್ದರೆ ಸುಮ್ನೆ ಕುರ್ಚಿಯಲ್ಲಿ ಕೂತು ಮೈದಾನ ನೋಡುತ್ತಿರುತ್ತಾರೆ. ನಮಗೆ ಸಿಗುವುದು ಮಾತ್ರ ಸೋಫಾದ ಮೇಲೆ ಕೂತವರ ಮಾತು. ನಾನೂ ಸೋಫಾದವನೇ, ಅದಕ್ಕೇ ಗೊತ್ತು.

ಇಸ್ತಾಂಬುಲ್‌ನಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನನ್ನ ಕಾರಣ ಬೇರೆ. 2005ರ ಮೇ 25. ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಎಸಿ ಮಿಲಾನ್. ಮೊದಲ ನಿಮಿಷದಲ್ಲೇ ಮಿಲಾನ್‌ನ ಮಾಲ್ದಿನಿ ಗೋಲು. ವಿರಾಮಕ್ಕೆ ಮೊದಲು ಕ್ರೆಸ್ಪೊ ಎರಡು. ಹಾಫ್ ಟೈಮ್‌ನಲ್ಲಿ 3-0. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆ. ನಾನು ಟಿವಿ ಆರಿಸಿ ಮಲಗಿದೆ. ನಾನು ಆಗಲೂ ಈಗಲೂ ಲಿವರ್‌ಪೂಲ್ ಅಭಿಮಾನಿ ಎಂದು ಹೇಳಿಕೊಂಡು ತಿರುಗುವವನು.

ಅದೇ ಹೊತ್ತಿಗೆ ಆ ಸ್ಟೇಡಿಯಂನಲ್ಲಿ ಏನಾಗುತ್ತಿತ್ತು ಎಂದು ನನಗೆ ತಿಳಿದದ್ದು ಮಾರನೇ ದಿನ. ಅತಾತುರ್ಕ್ ಒಲಿಂಪಿಕ್ ಸ್ಟೇಡಿಯಂ ಇರುವುದು ಊರಿಂದ ಹೊರಗೆ. ಆಗ ಸುತ್ತಲೂ ಬೋಳು ಬಯಲು. ಬಸ್ಸುಗಳು ಟ್ರಾಫಿಕ್‌ನಲ್ಲಿ ಸಿಕ್ಕಿ, ಜನ ಇಳಿದು ಗುಡ್ಡ ಹತ್ತಿ ನಡೆದು ಬಂದಿದ್ದರು. ಎದ್ದು ಹೋಗೋಣ ಎಂದರೂ ಎಲ್ಲಿಗೆ ಹೋಗುವುದು? ಹೀಗೆ ಅಂದುಕೊಂಡು ನಾನು ಎಷ್ಟೋ ಸಲ ನನ್ನ ನಿದ್ದೆಗೆ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವರು ಬರೀ ಉಳಿದುಕೊಂಡದ್ದಲ್ಲ, ಹಾಡಿದರು. ಮೂರು ಗೋಲು ತಿಂದ ತಂಡದ ಜನ, ವಿರಾಮದ ಹೊತ್ತಿನಲ್ಲಿ, ತಮ್ಮ ಕ್ಲಬ್ಬಿನ ಹಾಡು 'ಯು ವಿಲ್ ನೆವರ್ ವಾಕ್ ಅಲೋನ್' ಹಾಡಿದರು. ಅದು ಒಳಗೆ ಡ್ರೆಸ್ಸಿಂಗ್ ರೂಮ್‌ಗೂ ಕೇಳಿಸಿತು ಎಂದು ಆಟಗಾರರು ಆಮೇಲೆ ಹೇಳಿದ್ದಾರೆ. ಗೆಲ್ಲುತ್ತೇವೆ ಎಂದು ನಂಬಿ ಹಾಡಿದರು ಅಂತ ನನಗನ್ನಿಸುವುದಿಲ್ಲ. ಆ ಹಾಡಿನ ವೇಗ ಕೇಳಿ ನೋಡಿ. ಸಾವಿನ ಮನೆಯಲ್ಲಿ ಭಜನೆ ಮಾಡುವವರ ಹಾಗೆ ನಿಧಾನವಾಗಿ, ಒಬ್ಬರಿಗೊಬ್ಬರು ಆಸರೆ ಕೊಟ್ಟುಕೊಳ್ಳಲು ಹಾಡಿದ್ದು.

ಮುಂದಿನದು ನಿಮಗೆ ಗೊತ್ತೇ ಇದೆ. 54ನೇ ನಿಮಿಷ ಜೆರಾರ್ಡ್, 56ಕ್ಕೆ ಸ್ಮಿಸರ್, 60ಕ್ಕೆ ಅಲೊನ್ಸೊ. ಆರು ನಿಮಿಷದಲ್ಲಿ 3-3. ಹೆಚ್ಚುವರಿ ಸಮಯ ಇನ್ನೇನು ಮುಗಿಯುತ್ತಿದೆ ಎನ್ನುವಾಗ ಲಿವರ್‌ಪೂಲ್ ಗೋಲ್‌ಕೀಪರ್ ದುಡೆಕ್, ಮಿಲಾನ್‌ನ ಶೆವ್‌ಚೆಂಕೊನ ಎರಡು ಹೊಡೆತಗಳನ್ನು ಒಂದರ ಹಿಂದೆ ಒಂದು ತಡೆದ. ಎರಡನೆಯದು ಎರಡು ಹೆಜ್ಜೆ ದೂರದಿಂದ ಬಂದದ್ದು, ಅದು ಕೈಗೆ ಹೇಗೆ ತಾಗಿತು ಎಂದು ಅವನಿಗೇ ಗೊತ್ತಿರಲಿಕ್ಕಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ 3-2, ಲಿವರ್‌ಪೂಲ್‌ಗೆ. ಇದನ್ನೆಲ್ಲ ನಾನು ಬೆಳಗ್ಗೆ ಎದ್ದು ಗೆಳೆಯನ ಬಾಯಲ್ಲಿ ಕೇಳಿದೆ. ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

ಆ ರಾತ್ರಿ ಮಿಲಾನ್ ಕಡೆಯ ಸ್ಟ್ಯಾಂಡ್ ಹೇಗಿತ್ತು ಎಂದು ಎಲ್ಲಾದರೂ ಓದಿದ ನೆನಪು ನಿಮಗಿದೆಯಾ? ನನಗಿಲ್ಲ. ಆ ಸೋಲಿನ ನಂತರ ಆಟವನ್ನೇ ಬಿಟ್ಟುಬಿಡುವ ಯೋಚನೆ ಬಂದಿತ್ತು ಎಂದು ಮಿಲಾನ್‌ನ ಪಿರ್ಲೊ ಮುಂದೆ ಹೇಳಿಕೊಂಡಿದ್ದಾನೆ. ಶೂಟೌಟ್‌ನಲ್ಲಿ ದುಡೆಕ್ ತಡೆದ ಹೊಡೆತಗಳಲ್ಲಿ ಒಂದು ಅವನದ್ದು. ಆಟಗಾರನಿಗೇ ಹಾಗಾದರೆ ಅವನಿಗೋಸ್ಕರ ವಿಮಾನ ಹತ್ತಿ ಬಂದವನಿಗೆ ಹೇಗಾಗಿರಬೇಕು? ಎರಡು ವರ್ಷ ಕಳೆದು ಅಥೆನ್ಸ್‌ನಲ್ಲಿ ಅದೇ ಎರಡು ತಂಡಗಳು ಮತ್ತೆ ಫೈನಲ್ ಆಡಿದವು. ಇನ್‌ಜಾಗಿ ಎರಡು ಗೋಲು, ಮಿಲಾನ್ 2-1ರಿಂದ ಗೆದ್ದಿತು. ನಮ್ಮ ಜನ ಇಸ್ತಾಂಬುಲ್ ಕಥೆ ಹೇಳುವಾಗ ಅಥೆನ್ಸ್ ಮಾತು ಎತ್ತುವುದೇ ಇಲ್ಲ. ನಾನೂ ಎತ್ತುತ್ತಿರಲಿಲ್ಲ.

ಸೋತವರನ್ನು ನೋಡಬೇಕು ಎಂದರೆ ನನ್ನ ಪ್ರಕಾರ ಮ್ಯಾಡ್ರಿಡ್‌ಗೇ ಹೋಗಬೇಕು. ಅಟ್ಲೆಟಿಕೊ ಮ್ಯಾಡ್ರಿಡ್ ಅಭಿಮಾನಿಗಳಷ್ಟು ಕ್ರೂರವಾಗಿ ಫೈನಲ್ ಸೋತವರು ಯುರೋಪಿನಲ್ಲಿ ಇನ್ಯಾರೂ ಇಲ್ಲ. 1974ರಲ್ಲಿ ಬ್ರಸೆಲ್ಸ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಆಟ 0-0 ಆಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. 114ನೇ ನಿಮಿಷದಲ್ಲಿ ಲೂಯಿಸ್ ಅರಗೊನೆಸ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು. ಕಪ್ ಬಂದೇಬಿಟ್ಟಿತು ಅನ್ನುವಾಗ, ಕೊನೇ ನಿಮಿಷದಲ್ಲಿ, ಬಯರ್ನ್‌ನ ಡಿಫೆಂಡರ್ ಶ್ವಾರ್ಟ್ಸೆನ್‌ಬೆಕ್ ದೂರದಿಂದ ಒಂದು ಹೊಡೆದ. ಒಳಗೆ ಹೋಯಿತು. ಆಗ ಫೈನಲ್‌ಗೆ ಶೂಟೌಟ್ ಇರಲಿಲ್ಲ, ಮರುಪಂದ್ಯ. ಎರಡು ದಿನ ಬಿಟ್ಟು ಆಡಿದಾಗ ಬಯರ್ನ್ 4-0. ಅಟ್ಲೆಟಿಕೊಗೆ 'ಎಲ್ ಪೂಪಸ್' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಈ ಸೋಲಿನಿಂದಲೇ. ಮೈಮೇಲೆ ಯಾವಾಗಲೂ ಒಂದಲ್ಲ ಒಂದು ಗಾಯ ಮಾಡಿಕೊಂಡೇ ಇರುವವನು, ನಮ್ಮ ಮಾತಿನಲ್ಲಿ ಗ್ರಹಚಾರ ಕೆಟ್ಟವನು ಅಂದ ಹಾಗೆ. (ಆ ದಿನ ಗೋಲಿನಲ್ಲಿ ನಿಂತಿದ್ದವನು ಮಿಗೆಲ್ ರೈನಾ. ಅವನ ಮಗ ಪೆಪೆ ರೈನಾ 2007ರಲ್ಲಿ ಅಥೆನ್ಸ್‌ನಲ್ಲಿ ಲಿವರ್‌ಪೂಲ್ ಗೋಲ್‌ಕೀಪರ್. ಅಪ್ಪ ಮಗ ಇಬ್ಬರೂ ಫೈನಲ್ ಸೋತವರು. ಅದು ಬಿಡಿ.)

ಸರಿಯಾಗಿ ನಲವತ್ತು ವರ್ಷಕ್ಕೆ, 2014ರ ಮೇ 24ಕ್ಕೆ, ಲಿಸ್ಬನ್. ಎದುರಿಗೆ ರಿಯಲ್ ಮ್ಯಾಡ್ರಿಡ್. ಒಂದೇ ಊರಿನ ಎರಡು ಕ್ಲಬ್‌ಗಳು ಈ ಫೈನಲ್ ಆಡಿದ್ದು ಅದೇ ಮೊದಲು. ವಾರದ ಹಿಂದಷ್ಟೇ ಅಟ್ಲೆಟಿಕೊ ಸ್ಪೇನ್ ಲೀಗ್ ಗೆದ್ದಿತ್ತು. ಅರಗೊನೆಸ್ ಅದೇ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಕಥೆ ಬರೆಯುವವನಿಗೆ ಇನ್ನೇನು ಬೇಕು? 36ನೇ ನಿಮಿಷದಲ್ಲಿ ಅಟ್ಲೆಟಿಕೊದ ಗೊಡಿನ್ ಹೆಡ್ ಮಾಡಿದ, 1-0. ಆಮೇಲೆ ಒಂದು ಗಂಟೆ ಕಾಲ ಅವರು ಆ ಒಂದು ಗೋಲನ್ನು ಕಾದುಕೊಂಡರು. 90 ಮುಗಿಯಿತು. ರೆಫರಿ ಐದು ನಿಮಿಷ ಕೊಟ್ಟರು. ಅದರಲ್ಲಿ ಎರಡು ನಿಮಿಷ 48 ಸೆಕೆಂಡ್ ಆಗಿತ್ತು, ಮೋಡ್ರಿಚ್‌ನ ಕಾರ್ನರ್‌ಗೆ ರಿಯಲ್‌ನ ಸೆರ್ಹಿಯೊ ರಾಮೋಸ್ ಎದ್ದು ತಲೆ ಕೊಟ್ಟ, 1-1. 92:48. ಈ ಸಂಖ್ಯೆ ರಿಯಲ್ ಅಭಿಮಾನಿಗಳಿಗೆ ಈಗ ಮಂತ್ರದ ಹಾಗೆ. ಅಟ್ಲೆಟಿಕೊ ಕಡೆಯವರ ಎದುರು ಅದನ್ನು ಹೇಳದಿರುವುದು ಒಳ್ಳೆಯದು.

ಆಮೇಲಿನದು ಆಟ ಅಲ್ಲ. ಕಾಲು ಸೋತ ತಂಡವೊಂದು ಹೆಚ್ಚುವರಿ ಅರ್ಧ ಗಂಟೆ ನಿಂತುಕೊಂಡು ಏಟು ತಿಂದದ್ದು. ರಿಯಲ್‌ನ ಬೇಲ್, ಮಾರ್ಸೆಲೊ, ರೊನಾಲ್ಡೊ ಗೋಲು ಹೊಡೆದರು. 4-1. ಪತ್ರಿಕೆಯಲ್ಲಿ ಬರೀ ಅಂಕಿ ಓದಿದವನು 'ಓಹ್, ಏಕಪಕ್ಷೀಯ' ಅನ್ನುತ್ತಾನೆ, ಅಲ್ವಾ?

ಮ್ಯಾಡ್ರಿಡ್‌ನಲ್ಲಿ ಎರಡು ಕಾರಂಜಿಗಳಿವೆ. ಒಂದು ಸಿಬೆಲೆಸ್ ದೇವಿಯದ್ದು, ಇನ್ನೊಂದು ಸಮುದ್ರದೇವ ನೆಪ್ಚೂನ್‌ನದ್ದು. ರಿಯಲ್ ಗೆದ್ದರೆ ಜಾತ್ರೆ ಸಿಬೆಲೆಸ್ ಬಳಿ. ಅಟ್ಲೆಟಿಕೊ ಗೆದ್ದರೆ ನೆಪ್ಚೂನ್ ಬಳಿ. ಎರಡೂ ಒಂದೇ ರಸ್ತೆಯಲ್ಲಿವೆ, ನಡೆದರೆ ಹತ್ತು ನಿಮಿಷವೂ ಆಗುವುದಿಲ್ಲ. ಲೀಗ್ ಗೆದ್ದ ವಾರ ನೆಪ್ಚೂನ್ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಲಿಸ್ಬನ್ ಮುಗಿದ ರಾತ್ರಿ ಇನ್ನೊಂದು ಕಾರಂಜಿಯ ಸರದಿ. ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ವಾಸ ಮಾಡುವವರು, ಒಂದೇ ಕಚೇರಿಯಲ್ಲಿ ಪಕ್ಕಪಕ್ಕ ಕೂರುವವರು, ಕೆಲವು ಮನೆಗಳಲ್ಲಿ ಗಂಡ ಹೆಂಡತಿ. ಸೋಮವಾರ ಬೆಳಗ್ಗೆ ಮುಖ ನೋಡಲೇಬೇಕು. ನನಗೆ ಓದಬೇಕಿದ್ದದ್ದು ಆ ಸೋಮವಾರದ ಬಗ್ಗೆ. ನಿಮ್ಮ ಬಾಕ್ಸ್‌ನಲ್ಲಿ ಬಂದದ್ದು ರೊನಾಲ್ಡೊ ಅಂಗಿ ಬಿಚ್ಚಿದ್ದರ ಮೇಲಿನ ಜೋಕುಗಳು.

ಎರಡು ವರ್ಷಕ್ಕೆ ಮತ್ತೆ ಅದೇ ಎರಡು ತಂಡ, ಈ ಸಲ ಮಿಲಾನ್ ಊರಿನಲ್ಲಿ. 1-1, ಶೂಟೌಟ್. ಅಟ್ಲೆಟಿಕೊದ ಹುವಾನ್‌ಫ್ರಾನ್ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. 5-3, ರಿಯಲ್‌ಗೆ. ಎಲ್ಲ ಮುಗಿದ ಮೇಲೆ ಹುವಾನ್‌ಫ್ರಾನ್ ಒಬ್ಬನೇ ತನ್ನ ಅಭಿಮಾನಿಗಳಿದ್ದ ಸ್ಟ್ಯಾಂಡಿನ ಕಡೆ ಹೋಗಿ ಅಳುತ್ತಾ ಕ್ಷಮೆ ಕೇಳಿದ. ಅವರು ಚಪ್ಪಾಳೆ ತಟ್ಟಿದರು. ಎರಡು ವರ್ಷದಲ್ಲಿ ಎರಡನೇ ಸಲ, ಅದೇ ಪಕ್ಕದ ಮನೆಯವರ ಕೈಯಲ್ಲಿ ಸೋತ ಜನ. ಅವರಿಗೆ ಆ ಹೊತ್ತಿನಲ್ಲಿ ಕೂಗಾಡುವ ಹಕ್ಕು ಇತ್ತು ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೂ ತಟ್ಟಿದರು. ಆ ಪ್ರೀತಿ ಮರೆಯುವುದಿಲ್ಲ ಎಂದು ಅವನು ಆಮೇಲೆ ಅವರಿಗೆ ಬಹಿರಂಗ ಪತ್ರ ಬರೆದ.

ಈಗ ನನ್ನ ಕಥೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ.

2018ರ ಮೇ 26, ಕೀವ್. ರಿಯಲ್ ಮ್ಯಾಡ್ರಿಡ್ ವಿರುದ್ಧ ಲಿವರ್‌ಪೂಲ್. ಈ ಸಲ ಮಲಗಲಿಲ್ಲ. ನಮ್ಮ ಸಾಲಾ ಭುಜ ಹಿಡಿದುಕೊಂಡು ಅಳುತ್ತಾ ಹೊರಗೆ ಹೋದಾಗಲೂ ಎದ್ದಿದ್ದೆ. 51ನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಲೋರಿಸ್ ಕಾರಿಯಸ್ ಚೆಂಡನ್ನು ಕೈಯಿಂದ ಉರುಳಿಸಲು ಹೋದ, ರಿಯಲ್‌ನ ಬೆಂಜಿಮಾ ಕಾಲು ಚಾಚಿದ, ಚೆಂಡು ಮೆಲ್ಲಗೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಅದು ಎಷ್ಟು ನಿಧಾನ ಇತ್ತು ಎಂದರೆ ನಾನು ಎದ್ದು ನಿಲ್ಲುವಷ್ಟು ಸಮಯ ಸಿಕ್ಕಿತು. ನಮ್ಮ ಮಾನೆ ಸಮ ಮಾಡಿದ. ಬೇಲ್ ಗಾಳಿಯಲ್ಲಿ ಮಲಗಿ ಹೊಡೆದ ಗೋಲಿಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. 83ಕ್ಕೆ ಅದೇ ಬೇಲ್ ದೂರದಿಂದ ಹೊಡೆದದ್ದು ಕಾರಿಯಸ್ ಕೈಗೆ ತಾಗಿ ಒಳಗೆ. 3-1.

ಕೊನೆಯ ಸೀಟಿ ಊದುವ ಮೊದಲೇ ನನ್ನ ಫೋನಿಗೆ ಒಂದು ಚಿತ್ರ ಬಂತು. ಕಾರಿಯಸ್‌ನ ಎರಡು ಕೈಯ ಜಾಗದಲ್ಲಿ ಏನನ್ನೋ ಅಂಟಿಸಿದ್ದರು. ಏನು ಎಂದು ಬರೆಯುವುದಿಲ್ಲ. ನಾನು ನಕ್ಕೆ. ನಕ್ಕು ಐದು ಗುಂಪುಗಳಿಗೆ ಕಳಿಸಿದೆ. ಅದರ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ. ಅದನ್ನೂ ಬರೆಯುವುದಿಲ್ಲ.

ನಾನು ಬೆರಳಾಡಿಸುತ್ತಿದ್ದಾಗ ಟಿವಿಯಲ್ಲಿ ಅವನು ನಡೆಯುತ್ತಿದ್ದ. ಲಿವರ್‌ಪೂಲ್ ಅಭಿಮಾನಿಗಳಿದ್ದ ಕಡೆಗೆ. ಕೈ ಎತ್ತಿ, ಕೈ ಜೋಡಿಸಿ, ಅಂಗಿಯಿಂದ ಮುಖ ಒರೆಸಿಕೊಂಡು. ಅಲ್ಲಿದ್ದವರು ಸಾವಿರಾರು ಮೈಲಿ ಸುತ್ತಿ ಕೀವ್ ತಲುಪಿದ ಜನ. ಸಾಲ ಮಾಡಿ ಬಂದವರೂ ಇದ್ದಿರಬೇಕು. ಎಲ್ಲರೂ ಅಲ್ಲ, ಆದರೆ ತುಂಬಾ ಜನ ಅವನಿಗೆ ಚಪ್ಪಾಳೆ ತಟ್ಟಿದರು. ನನ್ನ ಕಣ್ಣೆದುರಿಗೇ ಇದು ನಡೆಯಿತು, ನಾನು ನೋಡಲಿಲ್ಲ. ಫೋನ್ ನೋಡುತ್ತಿದ್ದೆ. ಆಮೇಲೆ ವಿಡಿಯೊದಲ್ಲಿ ನೋಡಿದೆ.

ಮುಂದಿನ ದಿನಗಳಲ್ಲಿ ಅವನಿಗೆ ಕೊಲೆ ಬೆದರಿಕೆಗಳು ಬಂದವು. ಪೊಲೀಸರೇ ಅದರ ಬಗ್ಗೆ ಮಾತಾಡಬೇಕಾಯಿತು. ಜೂನ್ ಮೊದಲ ವಾರದಲ್ಲಿ ಬಾಸ್ಟನ್‌ನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಒಂದು ಹೇಳಿಕೆ ಕೊಟ್ಟರು. ಆಟದ ನಡುವೆ ತಲೆಗೆ ಏಟು ಬಿದ್ದು ಅವನಿಗೆ ಕನ್ಕಷನ್, ಅಂದರೆ ಮೆದುಳಿಗೆ ಪೆಟ್ಟು, ಆಗಿತ್ತು, ಕಣ್ಣಿಗೆ ಕಾಣುವುದನ್ನು ಮೆದುಳು ಅಂದಾಜು ಮಾಡುವುದರಲ್ಲಿ ವ್ಯತ್ಯಾಸವಾಗಿ ಆಟದ ಮೇಲೂ ಪರಿಣಾಮ ಆಗಿರುವ ಸಾಧ್ಯತೆ ಇದೆ ಎಂದು. ಮೊದಲ ತಪ್ಪಿಗೆ ಸ್ವಲ್ಪ ಮುಂಚೆ ರಾಮೋಸ್‌ನ ಮೊಣಕೈ ಅವನ ಮುಖಕ್ಕೆ ತಾಗಿತ್ತು. ಅದರಿಂದಲೇ ಹಾಗಾಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು, ನಾನೂ ಹೇಳುತ್ತಿಲ್ಲ. ಆದರೆ ಆ ಸುದ್ದಿ ಓದಿದ ದಿನ ನಾನು ಐದೂ ಗುಂಪುಗಳಿಗೆ ಹೋಗಿ ನನ್ನ ಸಾಲನ್ನು ಅಳಿಸಲು ನೋಡಿದೆ. ಆಗಲಿಲ್ಲ, ಅಳಿಸುವ ಅವಧಿ ಮೀರಿತ್ತು. ಇವತ್ತಿಗೂ ಎಲ್ಲೋ ಯಾರದೋ ಫೋನಿನಲ್ಲಿ ಅದು ಇರಬಹುದು. ಕಾರಿಯಸ್ ಮತ್ತೆ ಲಿವರ್‌ಪೂಲ್ ಪರವಾಗಿ ಒಂದೂ ಸ್ಪರ್ಧಾತ್ಮಕ ಪಂದ್ಯ ಆಡಲಿಲ್ಲ.

ನಿಮ್ಮ ಬಾಕ್ಸ್‌ನಲ್ಲಿ ಆ ವಾರ ಬಂದ ಚಿತ್ರಗಳಲ್ಲಿ ಒಂದು, ನಾನು ಕಳಿಸಿದ್ದರ ತಮ್ಮನ ಹಾಗೇ ಇತ್ತು. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ದಿನ ಅದನ್ನು ನೋಡಿ, ನೋಡಿ ಪೇಪರ್‌ನಲ್ಲೂ ಬಂದಿದೆ ಎಂದು ಖುಷಿಪಟ್ಟವನೂ ನಾನೇ. ಅಭಿಮಾನಿಗಳ ಪ್ರತಿಕ್ರಿಯೆ ಎಂದು ನೀವು ಅಚ್ಚು ಹಾಕಿದ್ದರಿಂದ ನನ್ನ ಕೊಳಕಿಗೆ ಒಂದು ಮರ್ಯಾದೆ ಸಿಕ್ಕಿತು ನೋಡಿ.

ಹಾಗಂತ ಫೋನ್ ಕೆಟ್ಟದ್ದು, ಸ್ಟೇಡಿಯಂ ಒಳ್ಳೆಯದು ಅಂತ ಗೆರೆ ಎಳೆಯಲು ಬರುವುದಿಲ್ಲ. 2022ರಲ್ಲಿ ಪ್ಯಾರಿಸ್‌ನಲ್ಲಿ ಇದೇ ರಿಯಲ್ ಮತ್ತು ಲಿವರ್‌ಪೂಲ್ ಫೈನಲ್. ಆಟ 36 ನಿಮಿಷ ತಡವಾಗಿ ಶುರುವಾಯಿತು. ಅಭಿಮಾನಿಗಳು ತಡವಾಗಿ ಬಂದದ್ದರಿಂದ ಹೀಗಾಯಿತು ಎಂದು ಒಳಗೆ ದೊಡ್ಡ ಪರದೆಯ ಮೇಲೆ ಹಾಕಿದರು. ಹೊರಗೆ ಅದೇ ಅಭಿಮಾನಿಗಳು ಟಿಕೆಟ್ ಹಿಡಿದು ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಗೇಟುಗಳು ಮುಚ್ಚಿದ್ದವು. ಪೊಲೀಸರು ಅಶ್ರುವಾಯು ಬಿಟ್ಟರು, ಕಣ್ಣಿಗೆ ಪೆಪ್ಪರ್ ಸ್ಪ್ರೇ ಹೊಡೆದರು, ಮಕ್ಕಳು ಮುದುಕರು ಎಂದು ನೋಡದೆ. 30-40 ಸಾವಿರ ಜನ ಟಿಕೆಟ್ ಇಲ್ಲದೆ ಅಥವಾ ನಕಲಿ ಟಿಕೆಟ್ ಹಿಡಿದು ಬಂದಿದ್ದರು ಎಂದು ಫ್ರಾನ್ಸಿನ ಒಳಾಡಳಿತ ಸಚಿವರು ಹೇಳಿಬಿಟ್ಟರು. ಎಲ್ಲ ಕಡೆ ಅದೇ ಸುದ್ದಿ ಆಯಿತು.

ಆ ಮಾತನ್ನು ಸುಳ್ಳು ಮಾಡಿದ್ದು ಸಾಲಿನಲ್ಲಿ ನಿಂತವರ ಫೋನುಗಳು. ಸ್ಟೇಡಿಯಂನ ಕ್ಯಾಮೆರಾ ದೃಶ್ಯಗಳನ್ನು ಯಾರೂ ಸಮಯಕ್ಕೆ ಕೇಳದೆ, ವಾರ ಕಳೆದು ತಾನಾಗಿ ಅಳಿಸಿಹೋಗಿದ್ದವು. ಉಳಿದದ್ದು ಜನ ಕೈಯಲ್ಲಿ ಹಿಡಿದು ತೆಗೆದ ವಿಡಿಯೊಗಳು. 2023ರ ಫೆಬ್ರುವರಿಯಲ್ಲಿ, ಈ ಟೂರ್ನಿ ನಡೆಸುವ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತಾನೇ ನೇಮಿಸಿದ್ದ ಸ್ವತಂತ್ರ ಸಮಿತಿ ವರದಿ ಕೊಟ್ಟಿತು. ಮುಖ್ಯ ಹೊಣೆ ಯುಇಎಫ್‌ಎಯದ್ದೇ ಎಂದಿತು. ಯಾರೂ ಸಾಯದೆ ಉಳಿದದ್ದೇ ಆಶ್ಚರ್ಯ ಎಂದಿತು. ಅಭಿಮಾನಿಗಳು ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡು, ತಳ್ಳದೆ ನಿಂತದ್ದರಿಂದಲೇ ದೊಡ್ಡ ಅನಾಹುತ ತಪ್ಪಿತು ಎಂಬ ಅರ್ಥದ ಮಾತೂ ಅದರಲ್ಲಿದೆ. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನರನ್ನು ಕಳೆದುಕೊಂಡ ಕ್ಲಬ್ ಲಿವರ್‌ಪೂಲ್. ಗುಂಪಿನಲ್ಲಿ ಉಸಿರು ಕಟ್ಟಿದರೆ ಏನಾಗುತ್ತದೆ ಎಂದು ಆ ಊರಿನ ಮಕ್ಕಳಿಗೂ ಗೊತ್ತು.

ಆ ದಿನ ನಿಜವಾದ ಅಭಿಮಾನಿಗಳ ಪ್ರತಿಕ್ರಿಯೆ ಇದ್ದದ್ದು ಆ ಗೇಟಿನ ಹೊರಗೆ. ನಿಮ್ಮ ವರದಿಯಲ್ಲಿ ಒಂದೇ ಸಾಲು: 'ಅಭಿಮಾನಿಗಳ ಗದ್ದಲದಿಂದ ಪಂದ್ಯ ತಡ.' ವರದಿ ಬಂದ ಮೇಲೆ ಆ ಸಾಲನ್ನು ತಿದ್ದಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅಭಿಮಾನಿಗಳೆಲ್ಲ ದೇವರು ಎಂದು ನಾನು ಹೇಳಿದರೆ ನೀವು ನಗುತ್ತೀರಿ, ನಗಬೇಕು ಕೂಡ. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಫೈನಲ್ ಶುರುವಾಗುವ ಮೊದಲೇ 39 ಜನ ಸತ್ತರು. ಹೆಚ್ಚಿನವರು ಯುವೆಂಟಸ್ ನೋಡಲು ಬಂದ ಇಟಲಿಯವರು. ಮೇಲೆ ನುಗ್ಗಿದ್ದು ಲಿವರ್‌ಪೂಲ್ ಕಡೆಯವರು, ಅಂದರೆ ನನ್ನ ಕಡೆಯವರು. ಹಳೇ ಗೋಡೆ ಕುಸಿದದ್ದು, ಸ್ಟೇಡಿಯಂ ಹಾಳುಬಿದ್ದಿದ್ದದ್ದು ಎಲ್ಲ ನಿಜ, ಆದರೂ ಅದರಿಂದ ನಾವು ನುಗ್ಗಿದ್ದು ಇಲ್ಲವಾಗುವುದಿಲ್ಲ. ಸ್ವಲ್ಪ ಈಚೆಗೆ ಬಂದರೆ 2025ರ ಮೇ 31, ಮ್ಯೂನಿಕ್. ಪ್ಯಾರಿಸ್ ಸೇಂಟ್ ಜರ್ಮೈನ್ 5-0ರಿಂದ ಇಂಟರ್ ಮಿಲಾನ್‌ನನ್ನು ಸೋಲಿಸಿತು. ಆಟ ಮುಗಿದ ಮೇಲೆ ಪ್ಯಾರಿಸ್ ಸ್ಟ್ಯಾಂಡಿನಲ್ಲಿ ಒಂದು ದೊಡ್ಡ ಬಟ್ಟೆ ಇಳಿಯಿತು. ಅದರ ಮೇಲೆ ಕೋಚ್ ಲೂಯಿಸ್ ಎನ್ರಿಕೆ ಮತ್ತು ಅವರ ಪುಟ್ಟ ಮಗಳು, ಮೈದಾನದಲ್ಲಿ ಕ್ಲಬ್ಬಿನ ಬಾವುಟ ನೆಡುತ್ತಿರುವ ಚಿತ್ರ. ಆ ಮಗು ಒಂಬತ್ತು ವರ್ಷಕ್ಕೆ, 2019ರಲ್ಲಿ, ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡಿತ್ತು. 2015ರಲ್ಲಿ ಎನ್ರಿಕೆ ಕೋಚ್ ಆಗಿದ್ದ ಬಾರ್ಸಿಲೋನಾ ಇದೇ ಕಪ್ ಗೆದ್ದಾಗ ಅದು ಅಪ್ಪನ ಜೊತೆ ಬರ್ಲಿನ್ ಮೈದಾನದಲ್ಲಿ ಬಾವುಟ ನೆಟ್ಟಿತ್ತು. ಅದನ್ನು ನೆನಪಿಟ್ಟುಕೊಂಡು, ಬಟ್ಟೆ ಹೊಲಿದು, ಬಣ್ಣ ಬಳಿದು, ಮಡಚಿ ಮ್ಯೂನಿಕ್‌ವರೆಗೆ ಹೊತ್ತು ತಂದಿದ್ದರು. ಗೆಲ್ಲದಿದ್ದರೆ ಅದನ್ನು ಬಿಚ್ಚುತ್ತಲೇ ಇರಲಿಲ್ಲವೇನೋ. ಅದೇ ರಾತ್ರಿ ಫ್ರಾನ್ಸಿನಲ್ಲಿ ಸಂಭ್ರಮದ ಹೆಸರಿನಲ್ಲಿ ಕಾರು ಸುಟ್ಟರು, ಅಂಗಡಿ ಒಡೆದರು, ನೂರಾರು ಜನರ ಬಂಧನವಾಯಿತು, ಇಬ್ಬರು ಸತ್ತರು. ಇದೂ ಅಭಿಮಾನಿಗಳೇ, ಅದೂ ಅಭಿಮಾನಿಗಳೇ. ಎರಡನ್ನೂ ಬರೆಯಿರಿ ಅನ್ನುವುದಷ್ಟೇ ನನ್ನ ಮಾತು.

ಸೋತವರಿಂದ ಇನ್ನೊಂದು ವಿಷಯ ಸಿಗುತ್ತದೆ, ಅದಕ್ಕೆ ಸ್ವಲ್ಪ ವರ್ಷ ಕಾಯಬೇಕು. 1999ರಲ್ಲಿ ಬಾರ್ಸಿಲೋನಾ ಊರಿನಲ್ಲಿ ಬಯರ್ನ್ 90 ನಿಮಿಷದವರೆಗೆ 1-0 ಮುಂದಿತ್ತು. ಇಂಜುರಿ ಟೈಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಕಾರ್ನರ್‌ಗಳಿಂದ ಎರಡು ಗೋಲು ಹೊಡೆದು ಕಪ್ ಕಿತ್ತುಕೊಂಡಿತು. ಕಪ್‌ಗೆ ಬಯರ್ನ್ ಬಣ್ಣದ ರಿಬ್ಬನ್ ಕಟ್ಟಿಯಾಗಿತ್ತು. ಅಷ್ಟರಲ್ಲಿ ಬಹುಮಾನ ಕೊಡಲು ಮೇಲಿನಿಂದ ಲಿಫ್ಟ್‌ನಲ್ಲಿ ಇಳಿದು ಬಂದ ಯುಇಎಫ್‌ಎ ಅಧ್ಯಕ್ಷರಿಗೆ, ಗೆದ್ದವರು ಯಾಕೆ ಅಳುತ್ತಿದ್ದಾರೆ, ಸೋತವರು ಯಾಕೆ ಕುಣಿಯುತ್ತಿದ್ದಾರೆ ಎಂದೇ ಅರ್ಥವಾಗಲಿಲ್ಲವಂತೆ. ಆ ದಿನ ಬಯರ್ನ್ ಗೋಲಿನಲ್ಲಿ ಇದ್ದವನು ಒಲಿವರ್ ಕಾನ್. ಎರಡು ವರ್ಷಕ್ಕೆ ಮಿಲಾನ್‌ನಲ್ಲಿ ವಲೆನ್ಸಿಯಾ ವಿರುದ್ಧ ಶೂಟೌಟ್‌ನಲ್ಲಿ ಮೂರು ಪೆನಾಲ್ಟಿ ತಡೆದು ಗೆಲ್ಲಿಸಿದ. ಆಮೇಲೆ, ತನ್ನವರೆಲ್ಲ ಕುಣಿಯುತ್ತಿರುವಾಗ, ಅಳುತ್ತಾ ಕೂತಿದ್ದ ವಲೆನ್ಸಿಯಾ ಗೋಲ್‌ಕೀಪರ್ ಕನ್ಯಿಸಾರೆಸ್ ಹತ್ತಿರ ಹೋಗಿ ಸಮಾಧಾನ ಮಾಡಿದ. ಬಾರ್ಸಿಲೋನಾದ ರಾತ್ರಿ ಅವನ ಪಾಲಿಗೆ ಬರದೇ ಇದ್ದಿದ್ದರೆ ಹೋಗುತ್ತಿದ್ದನಾ? ನನಗೆ ಅನುಮಾನ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಫೈನಲ್ ಮುಗಿಯುವಾಗ ನಮ್ಮಲ್ಲಿ ರಾತ್ರಿ ಎರಡೂವರೆ, ಶೂಟೌಟ್ ಆದರೆ ಮೂರು, ಅಷ್ಟರಲ್ಲಿ ಪೇಪರ್ ಅಚ್ಚಾಗಿರುತ್ತದೆ, ಹಾಗಾಗಿ ಸಿಕ್ಕಿದ್ದನ್ನು ಮರುದಿನ ಹಾಕುತ್ತೇವೆ ಎಂದು ನಿಮ್ಮಲ್ಲಿ ಕೆಲಸ ಮಾಡಿದವರೊಬ್ಬರು ಹಿಂದೆ ನನಗೆ ಹೇಳಿದ್ದರು. ಮರುದಿನ ಹಾಕುವುದಾದರೆ ಒಂದಿಡೀ ದಿನ ಕೈಯಲ್ಲಿ ಇತ್ತಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ಈಗ ಆ ನೆಪವೂ ಹೋಗಿದೆ. 2026ರಿಂದ ಫೈನಲ್ ಅಲ್ಲಿನ ಸಂಜೆ ಆರು ಗಂಟೆಗೆ ಎಂದು ಯುಇಎಫ್‌ಎ ನಿರ್ಧಾರ ಮಾಡಿದೆ. ಆಟ ನೋಡಿದವರು ರೈಲು ಬಸ್ಸು ನಿಲ್ಲುವ ಮೊದಲು ವಾಪಸ್ ಹೋಗಲಿ ಎಂದು. ಅಭಿಮಾನಿಗಳ ಬಗ್ಗೆ ಯಾರೋ ಯೋಚಿಸಿದ್ದಾರೆ, ಸಂತೋಷ. ನಮ್ಮಲ್ಲಿ ಅದು ರಾತ್ರಿ ಒಂಬತ್ತೂವರೆ. ಹೆಚ್ಚುವರಿ ಸಮಯಕ್ಕೆ ಹೋಗದಿದ್ದರೆ ನಡುರಾತ್ರಿಯೊಳಗೆ ಎಲ್ಲ ಮುಗಿದಿರುತ್ತದೆ.

ಜಾಸ್ತಿ ಏನೂ ಬೇಡ. ಆ ಬಾಕ್ಸ್‌ನಷ್ಟೇ ಜಾಗ ಸಾಕು. ಸೀಟಿ ಊದಿದ ಮೇಲೆ ಸೋತವರ ಸ್ಟ್ಯಾಂಡಿನಲ್ಲಿ ಏನಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಖಾಲಿಯಾಯಿತಾ, ಹಾಡಿದರಾ, ಬೈದರಾ, ಚಪ್ಪಾಳೆ ತಟ್ಟಿದರಾ? ತಪ್ಪು ಮಾಡಿದ ಆಟಗಾರ ಅವರ ಹತ್ತಿರ ಹೋದನಾ, ಹೋಗದೆ ಸುರಂಗದೊಳಗೆ ಓಡಿದನಾ? ಟಿಕೆಟ್ ಎಷ್ಟು ಜನರಿಗೆ ಸಿಕ್ಕಿತ್ತು? ಪ್ಯಾರಿಸ್‌ನಲ್ಲಿ 75 ಸಾವಿರ ಆಸನಗಳಲ್ಲಿ ಎರಡೂ ಕ್ಲಬ್‌ಗಳಿಗೆ ತಲಾ 20 ಸಾವಿರ, ಅಂದರೆ ಹತ್ತಿರ ಹತ್ತಿರ ಅರ್ಧ ಸ್ಟೇಡಿಯಂನಲ್ಲಿ ಕೂತವರು ಆ ಎರಡು ಕ್ಲಬ್ಬಿನವರಲ್ಲ. ಇಂಥದ್ದೂ ಸುದ್ದಿಯೇ. ಜೋಕು ಬೇಕಾದವರ ಫೋನಿಗೆ ಅದು ನಿಮಗಿಂತ ಮೊದಲೇ ಬಂದಿರುತ್ತದೆ, ನಂಬಿ.

ಇತಿ,
ನಿಮ್ಮ ಹಳೆಯ ಓದುಗ

ಮತ್ತೆ: ನಿಮ್ಮ 'ಮರೆಯಲಾಗದ ಫೈನಲ್‌ಗಳು' ಪಟ್ಟಿಯಲ್ಲಿ ಇಸ್ತಾಂಬುಲ್‌ನ ಮೂರನೇ ಗೋಲನ್ನು ಜೆರಾರ್ಡ್ ಪೆನಾಲ್ಟಿಯಲ್ಲಿ ಹೊಡೆದ ಎಂದಿದೆ. ತಪ್ಪು. ಮಿಲಾನ್‌ನ ಗಟ್ಟೂಸೊ ಬೀಳಿಸಿದ್ದು ಜೆರಾರ್ಡ್‌ನನ್ನು, ಪೆನಾಲ್ಟಿ ಹೊಡೆದದ್ದು ಅಲೊನ್ಸೊ. ಅದನ್ನು ಗೋಲ್‌ಕೀಪರ್ ದೀದಾ ತಡೆದ, ತಿರುಗಿ ಬಂದ ಚೆಂಡನ್ನು ಅಲೊನ್ಸೊ ಎಡಗಾಲಿನಲ್ಲಿ ಮೇಲಕ್ಕೆ ಹೊಡೆದ. ತಿದ್ದಿಕೊಳ್ಳಿ. ಆ ಪಂದ್ಯದ ಮರುಪ್ರಸಾರವನ್ನು ನಾನು ಎಷ್ಟು ಸಲ ನೋಡಿದ್ದೇನೆ ಎಂದು ಲೆಕ್ಕವಿಲ್ಲ. ಹಾಫ್ ಟೈಮ್ ಬಂದಾಗ ಈಗ ಟಿವಿ ಆರಿಸುವುದಿಲ್ಲ, ಹಾಡು ಮುಗಿಯುವವರೆಗೆ ಎದ್ದೇ ಇರುತ್ತೇನೆ.